ಫೋಟೊ ಸಾಫ್ಟ್‌ವೇರ್ ತಾನಾಗಿಯೇ ಮುಚ್ಚಿಹೋಗುತ್ತಿದೆಯೇ? ತೊಂದರೆ ಕೊಡುವ ಫೋಟೊ ಹಿಡಿಯುವುದು ಹೀಗೆ

ಓದುಗರಿಂದ ಒಂದೇ ತೊಂದರೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಫೋಟೊ ಜೋಡಿಸಿಡುವ ಸಾಫ್ಟ್‌ವೇರ್ ತೆರೆದ ಅರ್ಧ ನಿಮಿಷಕ್ಕೆ ಮುಚ್ಚಿಹೋಗುತ್ತದೆ. ಇಲ್ಲವೇ ಒಂದು ಫೋಲ್ಡರ್‌ಗೆ ಹೋದರೆ ಸಾಕು, ಪರದೆ ಅಲ್ಲಾಡುವುದೇ ಇಲ್ಲ. ಅಳಿಸಿ ಎರಡು ಮೂರು ಸಲ ಮತ್ತೆ ಹಾಕಿದರೂ ಅದೇ ಹಾಡು. ಈ ಕೊನೆಯ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಳಿಸುವ ಭರದಲ್ಲಿ ವರ್ಷಗಟ್ಟಲೆ ಕೂತು ಹಾಕಿದ ಟ್ಯಾಗ್, ಮುಖಗಳ ಹೆಸರು, ಆಲ್ಬಮ್ ಎಲ್ಲ ಹೋಗಿಬಿಟ್ಟಿರುತ್ತವೆ. ತೊಂದರೆ ಮಾತ್ರ ಅಲ್ಲೇ ಉಳಿದಿರುತ್ತದೆ.

ಇಂಥ ಲಕ್ಷಣ ಇದ್ದಾಗ ಮೊದಲು ಅನುಮಾನಿಸಬೇಕಾದದ್ದು ಸಾಫ್ಟ್‌ವೇರನ್ನಲ್ಲ, ನಿಮ್ಮ ಸಂಗ್ರಹದಲ್ಲಿರುವ ಒಂದೋ ಎರಡೋ ಫೈಲ್‌ಗಳನ್ನು. ಅದರಲ್ಲೂ ಚಿತ್ರವನ್ನಲ್ಲ, ಚಿತ್ರದ ಜೊತೆ ಸೇರಿಕೊಂಡಿರುವ ಮಾಹಿತಿಯನ್ನು. ಆ ಫೈಲ್ ಯಾವುದು ಅಂತ ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಂತೆ. ಮತ್ತೆ, ಹೆದರಬೇಡಿ: ಮಾಹಿತಿ ಕೆಟ್ಟಿದೆ ಅಂದರೆ ಫೋಟೊ ಹೋಯಿತು ಅಂತಲ್ಲ.

ಈ ಮಾಹಿತಿ ಅಂದರೇನು, ಅದನ್ನು ಓದುವಾಗ ಏನಾಗುತ್ತದೆ

ಫೋಟೊ ತೆಗೆದ ದಿನ, ಕ್ಯಾಮೆರಾ ಮಾದರಿ, ಶಟರ್ ವೇಗ, ಜಾಗ, ನೀವು ಬರೆದ ಶೀರ್ಷಿಕೆ ಇವೆಲ್ಲ ಫೋಟೊ ಫೈಲಿನ ಒಳಗೇ ಇರುತ್ತವೆ. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆ. ಕ್ಯಾಮೆರಾ ತಾನೇ ಬರೆಯುವುದು ಎಕ್ಸಿಫ್. ಸುದ್ದಿ ಸಂಸ್ಥೆಗಳ ಬಳಕೆಗೆ ಹುಟ್ಟಿದ್ದು ಐಪಿಟಿಸಿ. ಶೀರ್ಷಿಕೆ, ಹಕ್ಕುದಾರರ ಹೆಸರು ಇಂಥವು ಅದರಲ್ಲಿ ಬರುತ್ತವೆ. ಅಡೋಬಿ 2001ರಲ್ಲಿ ತಂದದ್ದು ಎಕ್ಸ್‌ಎಂಪಿ. ರೇಟಿಂಗ್, ಟ್ಯಾಗ್, ಮುಖದ ಗುರುತು ಎಲ್ಲ ಈಗ ಹೆಚ್ಚಾಗಿ ಇದರಲ್ಲೇ ಇರುತ್ತವೆ.

ಎಕ್ಸಿಫ್ ಒಳಗಿನ ಜೋಡಣೆ ಪುಸ್ತಕದ ಪರಿವಿಡಿ ಇದ್ದ ಹಾಗೆ. ಪರಿವಿಡಿಯ ಒಂದೊಂದು ಸಾಲು 12 ಬೈಟ್. ಇದು ಯಾವ ಮಾಹಿತಿ, ಯಾವ ಬಗೆಯದು, ಎಷ್ಟಿದೆ, ಎಲ್ಲಿದೆ ಎಂಬುದು ಅದರಲ್ಲಿರುತ್ತದೆ. 200 ಪುಟದ ಪುಸ್ತಕದ ಪರಿವಿಡಿಯಲ್ಲಿ 900ನೇ ಪುಟ ನೋಡಿ ಅಂತ ಬರೆದಿದ್ದರೆ ನೀವು ನಾನು ತಪ್ಪಾಗಿದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಸಾಫ್ಟ್‌ವೇರ್‌ಗೆ ಆ ಎಚ್ಚರ ಬರೆದವರು ಕೊಟ್ಟಿದ್ದರೆ ಮಾತ್ರ ಇರುತ್ತದೆ. ಇಲ್ಲದಿದ್ದರೆ ಅದು ಇಲ್ಲದ ಪುಟ ಓದಲು ಹೋಗುತ್ತದೆ. ತನ್ನದಲ್ಲದ ಮೆಮೊರಿಗೆ ಕೈ ಹಾಕುತ್ತದೆ. ಆಗ ಕಂಪ್ಯೂಟರ್ ಅದನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ನಿಮಗೆ ಕಾಣುವ ಕ್ರ್ಯಾಶ್ ಇದೇ.

ಎಷ್ಟಿದೆ ಎನ್ನುವ ಅಂಕಿಗೆ 4 ಬೈಟ್ ಜಾಗವಿದೆ. ಅಲ್ಲಿ ಕಸ ತುಂಬಿಕೊಂಡರೆ ಅದು 400 ಕೋಟಿ ದಾಟಬಹುದು. ಅಷ್ಟು ಮೆಮೊರಿ ಕೇಳಿದರೆ ಯಾವ ಕಂಪ್ಯೂಟರ್ ತಡೆದೀತು? ಇನ್ನು ಕೆಲವು ಫೈಲ್‌ಗಳಲ್ಲಿ ಪರಿವಿಡಿ ಸುತ್ತಿಬಂದು ತನ್ನನ್ನೇ ತೋರಿಸುತ್ತದೆ. ಸಾಫ್ಟ್‌ವೇರ್ ಅಲ್ಲೇ ಸುತ್ತುತ್ತಿರುತ್ತದೆ, ಮುಚ್ಚುವುದೂ ಇಲ್ಲ, ಮುಂದೆ ಹೋಗುವುದೂ ಇಲ್ಲ. ಇದು ಹ್ಯಾಂಗ್.

ಇನ್ನೊಂದು ವಿಷಯ. ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಶಾಟ್‌ವೆಲ್, ಗ್ವೆನ್‌ವ್ಯೂ, ಗಿಂಪ್ ಇವೆಲ್ಲ ಮೆಟಾಡೇಟಾ ಓದಲು ಬಳಸುವುದು ಎಕ್ಸಿವ್2 ಎಂಬ ಒಂದೇ ಲೈಬ್ರರಿಯನ್ನು. ಲೈಬ್ರರಿ ಅಂದರೆ ಹಲವು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಕೋಡ್. ಹಾಗಾಗಿ ಒಂದನ್ನು ಬೀಳಿಸಿದ, ಅಂದರೆ ಕ್ರ್ಯಾಶ್ ಮಾಡಿಸಿದ ಫೋಟೊ ಇನ್ನೊಂದನ್ನೂ ಬೀಳಿಸಬಹುದು. ಸುಮ್ನೆ ಸಾಫ್ಟ್‌ವೇರ್ ಬದಲಿಸಿ ನೋಡುವುದರಿಂದ ದೊಡ್ಡ ಪ್ರಯೋಜನವಿಲ್ಲ.

ಶುರು ಮಾಡುವ ಮೊದಲು ಏನು ಬೇಕು

ಒಂದು ಫೋಲ್ಡರ್‌ನ ನಕಲು ಹಿಡಿಯುವಷ್ಟು ಖಾಲಿ ಜಾಗ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ. ಫಿಲ್ ಹಾರ್ವಿ ಬರೆದದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದು ಎಕ್ಸಿವ್2 ಮೇಲೆ ನಿಂತಿಲ್ಲ, ಬೇರೆಯದೇ ಕೋಡ್. ಅದಕ್ಕೇ ನಮ್ಮ ಕೆಲಸಕ್ಕೆ ಒಳ್ಳೆಯದು. ಕೆಟ್ಟ ಫೈಲ್ ಸಿಕ್ಕರೆ ಸಾಮಾನ್ಯವಾಗಿ ಬೀಳದೆ, ಏನು ತಪ್ಪಿದೆ ಅಂತ ಹೇಳುತ್ತದೆ.

ಎಕ್ಸಿಫ್‌ಟೂಲಿನ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ. 12.23 ಮತ್ತು ಅದಕ್ಕಿಂತ ಹಿಂದಿನ ಹಲವು ಆವೃತ್ತಿಗಳಲ್ಲಿ, ಬೇಕಂತಲೇ ಕೆಡಿಸಿ ಮಾಡಿದ ಫೈಲ್ ಓದಿಸಿದರೆ ಬೇರೆಯವರ ಕೋಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವ ದೋಷವಿತ್ತು. 2021ರಲ್ಲಿ ಬಂದ 12.24ರಲ್ಲಿ ಅದು ಸರಿಯಾಯಿತು. ನಾವು ಓದಿಸಲು ಹೊರಟಿರುವುದೇ ಕೆಟ್ಟ ಫೈಲ್‌ಗಳನ್ನು. ಹಾಗಾಗಿ ಇಲ್ಲಿ ಆಲಸ್ಯ ಬೇಡ.

ಕೆಳಗೆ ಆದೇಶಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಇವನ್ನು ಟೈಪ್ ಮಾಡುವುದು ಆದೇಶ ಕಿಟಕಿಯಲ್ಲಿ, ಅಂದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಟರ್ಮಿನಲ್. ದೊಡ್ಡಕ್ಷರ ಅಂತ ಹೇಳದ ಕಡೆಯೆಲ್ಲ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ಹೈಫನ್, ಸಮಚಿಹ್ನೆ, ಜಾಗ ಇವು ಇರುವ ಹಾಗೆಯೇ ಇರಲಿ.

ಹಂತ 1: ಮತ್ತೆ ಮತ್ತೆ ತೆರೆಯುವುದನ್ನು ನಿಲ್ಲಿಸಿ, ನಕಲು ಮಾಡಿ

ಪ್ರತಿ ಸಲ ಕ್ರ್ಯಾಶ್ ಆದಾಗಲೂ ಸಾಫ್ಟ್‌ವೇರ್ ತನ್ನ ಡೇಟಾಬೇಸ್‌ಗೆ ಬರೆಯುತ್ತಾ ಇರುವಾಗಲೇ ನಿಂತಿರಬಹುದು. ಡೇಟಾಬೇಸ್ ಅಂದರೆ ನಿಮ್ಮ ಆಲ್ಬಮ್, ಟ್ಯಾಗ್, ಮುಖಗಳ ಪಟ್ಟಿ ಇರುವ ಫೈಲ್. ಹತ್ತು ಸಲ ತೆರೆದು ನೋಡಿದರೆ ಹತ್ತು ಸಲ ಅದನ್ನು ಅಪಾಯಕ್ಕೆ ಒಡ್ಡಿದಂತೆ.

ಸಾಫ್ಟ್‌ವೇರ್ ಪೂರ್ತಿ ಮುಚ್ಚಿದೆ ಅಂತ ಖಚಿತ ಮಾಡಿಕೊಂಡು ಆ ಫೈಲ್‌ನ ನಕಲು ಬೇರೆ ಡ್ರೈವ್‌ನಲ್ಲಿ ಇಡಿ. ಡಿಜಿಕ್ಯಾಮ್‌ನಲ್ಲಿ ಅದರ ಹೆಸರು ಡಿಜಿಕ್ಯಾಮ್4, ಕೊನೆಯಲ್ಲಿ ಚುಕ್ಕಿ ಡಿಬಿ. ಲೈಟ್‌ರೂಮ್ ಕ್ಲಾಸಿಕ್ ಇದನ್ನು ಕ್ಯಾಟಲಾಗ್ ಅನ್ನುತ್ತದೆ, ಹೆಸರಿನ ಕೊನೆಯಲ್ಲಿ ಎಲ್‌ಆರ್‌ಕ್ಯಾಟ್ ಇರುತ್ತದೆ. ಫೋಟೊಗಳ ಬ್ಯಾಕಪ್ ಇಲ್ಲದಿದ್ದರೆ ಅದನ್ನೂ ಈಗಲೇ ಮಾಡಿ. ಆಮೇಲೆ ಮಾಡುತ್ತೇನೆ ಅಂತ ಮುಂದಿನ ಹಂತಕ್ಕೆ ಹೋಗಬೇಡಿ, ದಯವಿಟ್ಟು.

ಹಂತ 2: ತೊಂದರೆ ನಿಜಕ್ಕೂ ಮೆಟಾಡೇಟಾದ್ದೇ ಅಂತ ನೋಡಿ

ಸುಲಭದ ಪರೀಕ್ಷೆ ಒಂದಿದೆ. ಕ್ರ್ಯಾಶ್ ಪ್ರತಿ ಸಲ ಒಂದೇ ಜಾಗದಲ್ಲಿ ಆಗುತ್ತದೆಯೇ? ಒಂದೇ ಫೋಲ್ಡರ್, ಒಂದೇ ಫೋಟೊ, ಸ್ಕ್ಯಾನ್ ಒಂದೇ ಶೇಕಡಾಕ್ಕೆ ಬಂದಾಗ, ಹೀಗೆ. ಹೌದಾದರೆ ಕಾರಣ ಫೈಲ್. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ, ಲೆಕ್ಕಕ್ಕೇ ಸಿಗದ ಹಾಗೆ ಆಗುತ್ತಿದ್ದರೆ ಮೆಮೊರಿ ಕೊರತೆ, ಡಿಸ್ಕ್ ದೋಷ ಅಥವಾ ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಿ. ಈ ಲೇಖನ ಅದಕ್ಕಲ್ಲ.

ಕಂಪ್ಯೂಟರ್ ತಾನೇ ಬರೆದಿಡುವ ಕ್ರ್ಯಾಶ್ ವರದಿಯನ್ನೂ ಓದಿ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗೆ ಅಪ್ಲಿಕೇಶನ್ ಒತ್ತಿ. ಕ್ರ್ಯಾಶ್ ಆದ ಸಮಯಕ್ಕೆ ಸರಿಹೊಂದುವ ಅಪ್ಲಿಕೇಶನ್ ಎರರ್ ಸಾಲಿನಲ್ಲಿ ಫಾಲ್ಟಿಂಗ್ ಮಾಡ್ಯೂಲ್ ನೇಮ್ ಅಂತ ಇರುತ್ತದೆ. ಯಾವ ತುಂಡು ಬಿತ್ತು ಎಂಬುದು ಅದು. ಮ್ಯಾಕ್‌ನಲ್ಲಿ ಕನ್ಸೋಲ್ ತೆರೆದು ಕ್ರ್ಯಾಶ್ ರಿಪೋರ್ಟ್ಸ್ ನೋಡಿ. ಲಿನಕ್ಸ್‌ನಲ್ಲಿ ಸಾಫ್ಟ್‌ವೇರನ್ನು ಟರ್ಮಿನಲ್‌ನಿಂದ ತೆರೆದರೆ ಕೊನೆಯ ಸಾಲುಗಳು ಅಲ್ಲೇ ಕಾಣುತ್ತವೆ. ಎಕ್ಸಿವ್2 ಅಥವಾ ಲಿಬ್‌ಎಕ್ಸಿಫ್ ಎಂಬ ಹೆಸರು ಕಂಡರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಲಿಬ್‌ರಾ ಎಂದಿದ್ದರೆ ರಾ ಫೈಲ್, ಅಂದರೆ ಕ್ಯಾಮೆರಾದ ಹಸಿ ಡೇಟಾ ಇರುವ ಫೈಲ್ ಓದುವಾಗ ಬಿದ್ದಿದೆ. ಹುಡುಕುವ ಕ್ರಮ ಅದಕ್ಕೂ ಇದೇ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಕ್ಲೌಡ್‌ನಲ್ಲಿ ಮಾತ್ರ ಇರುವ ಫೈಲ್‌ಗಳು. ಫೋಲ್ಡರ್‌ನಲ್ಲಿ ಹೆಸರು ಕಾಣುತ್ತದೆ, ಒಳಗಿನ ಡೇಟಾ ಡಿಸ್ಕ್‌ನಲ್ಲಿ ಇರುವುದಿಲ್ಲ. ಸಾಫ್ಟ್‌ವೇರ್ ಮೆಟಾಡೇಟಾ ಓದಲು ಹೋದಾಗ ಅದು ಡೌನ್‌ಲೋಡ್ ಆಗುವವರೆಗೆ ಕಾಯುತ್ತದೆ. ನೋಡುವವರಿಗೆ ಹ್ಯಾಂಗ್ ಆದ ಹಾಗೆ ಅನ್ನಿಸುತ್ತದೆ. ಮೊದಲು ಅವನ್ನು ಪೂರ್ತಿ ಇಳಿಸಿಕೊಂಡು ಮತ್ತೆ ಪರೀಕ್ಷೆ ಮಾಡಿ.

ಹಂತ 3: ಪರೀಕ್ಷೆಗೆ ಬೇರೆಯೇ ಸಂಗ್ರಹ ಮಾಡಿಕೊಳ್ಳಿ

ಈ ಹಂತವನ್ನು ಬಿಟ್ಟವರೇ ಜಾಸ್ತಿ ನಷ್ಟ ಅನುಭವಿಸುವುದು. ಅನುಮಾನ ಬಂದ ಫೋಲ್ಡರನ್ನು ನೇರವಾಗಿ ಬೇರೆ ಕಡೆ ಸರಿಸಿ, ಹಳೆಯ ಸಂಗ್ರಹದಲ್ಲೇ ಸಾಫ್ಟ್‌ವೇರ್ ತೆರೆದರೆ ಏನಾಗುತ್ತದೆ ಗೊತ್ತೇ? ಆ ಫೋಟೊಗಳನ್ನು ನೀವು ಅಳಿಸಿದ್ದೀರಿ ಅಂತ ಅದು ತಿಳಿಯಬಹುದು. ಅವಕ್ಕೆ ಹಾಕಿದ ಟ್ಯಾಗ್, ಮುಖದ ಹೆಸರು ಡೇಟಾಬೇಸ್‌ನಿಂದ ಹೋಗಬಹುದು. ಆಮೇಲೆ ಫೋಟೊ ವಾಪಸ್ ತಂದರೂ ಹೆಸರುಗಳು ವಾಪಸ್ ಬರುವ ಖಾತರಿ ಇಲ್ಲ.

ಆದ್ದರಿಂದ ಹೊಸ, ಖಾಲಿ ಡೇಟಾಬೇಸ್ ಮಾಡಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಹೊಸ ಕ್ಯಾಟಲಾಗ್ ಮಾಡುವ ಆಯ್ಕೆ ಫೈಲ್ ಮೆನುವಿನಲ್ಲೇ ಇದೆ. ಡಿಜಿಕ್ಯಾಮ್‌ನಲ್ಲಿ ಸೆಟ್ಟಿಂಗ್ಸ್‌ನ ಡೇಟಾಬೇಸ್ ಭಾಗದಲ್ಲಿ ಬೇರೆ ಫೋಲ್ಡರ್ ಕೊಡಬಹುದು. ತೆರೆಯಲೇ ಆಗದಷ್ಟು ಬೇಗ ಮುಚ್ಚಿಹೋಗುತ್ತಿದ್ದರೆ ಅದರ ಸೆಟ್ಟಿಂಗ್ ಫೈಲ್‌ನ ಹೆಸರು ಬದಲಿಸಿಡಿ, ಅಳಿಸಬೇಡಿ. ಆಗ ಅದು ಮೊದಲ ಸಲ ಹಾಕಿದ ಹಾಗೆ ಫೋಟೊ ಎಲ್ಲಿವೆ ಅಂತ ಕೇಳುತ್ತದೆ. ಖಾಲಿ ಫೋಲ್ಡರ್ ಒಂದನ್ನು ತೋರಿಸಿ.

ಖಾಲಿ ಸಂಗ್ರಹದಲ್ಲಿ ಸಾಫ್ಟ್‌ವೇರ್ ಸರಿಯಾಗಿ ನಿಂತಿತೇ? ಹಾಗಾದರೆ ಅದಕ್ಕೆ ಏನೂ ಆಗಿಲ್ಲ. ಅಲ್ಲೂ ಬಿದ್ದರೆ ಮಾತ್ರ ಹೊಸದಾಗಿ ಹಾಕಿ ನೋಡುವುದರಲ್ಲಿ ಅರ್ಥವಿದೆ.

ಪರೀಕ್ಷೆಯ ಸಂಗ್ರಹದಲ್ಲಿ ಮೊದಲ ಕೆಲಸವಾಗಿ ಮೆಟಾಡೇಟಾವನ್ನು ಫೋಟೊಗೆ ಬರೆಯುವ ಆಯ್ಕೆಗಳನ್ನು ಆಫ್ ಮಾಡಿ. ನಾವು ಓದಿಸಿ ನೋಡಬೇಕು, ಅಷ್ಟೇ. ಕೆಟ್ಟ ಫೈಲ್ ಮೇಲೆ ಅದು ಮತ್ತೊಂದು ಸಲ ಬರೆದರೆ ಇರುವ ಮಾಹಿತಿಯೂ ಹೋದೀತು.

ಹಂತ 4: ಅರ್ಧ ಅರ್ಧ ಮಾಡಿ ಹುಡುಕಿ

ಸಾವಿರಾರು ಫೋಟೊಗಳಲ್ಲಿ ಒಂದನ್ನು ಹುಡುಕುವುದು ದೊಡ್ಡ ಕೆಲಸ ಅನ್ನಿಸುತ್ತದೆ ಅಲ್ವಾ? ಅರ್ಧ ಅರ್ಧ ಮಾಡುತ್ತಾ ಹೋದರೆ ಹಾಗಿಲ್ಲ. 1,000 ಫೋಟೊಗಳಿಗೆ 10 ಸಲ ಸಾಕು. 10,000ಕ್ಕೆ 14 ಸಲ. 1 ಲಕ್ಷವಿದ್ದರೂ 17 ಸಲ.

ಮೊದಲು ಫೋಲ್ಡರ್ ಮಟ್ಟದಲ್ಲಿ ಮಾಡಿ. ವರ್ಷದ ಪ್ರಕಾರ ಜೋಡಿಸಿದ್ದರೆ ಪರೀಕ್ಷೆಯ ಸಂಗ್ರಹಕ್ಕೆ ಒಂದೊಂದೇ ವರ್ಷದ ಫೋಲ್ಡರನ್ನು ತೋರಿಸುತ್ತಾ ಹೋಗಿ. ಇದಕ್ಕೆ ನಕಲು ಬೇಡ, ಜಾಗವೂ ಉಳಿಯುತ್ತದೆ. ಯಾವ ಫೋಲ್ಡರ್‌ನಲ್ಲಿ ಬೀಳುತ್ತದೋ ಅದನ್ನು ಮಾತ್ರ ನಕಲು ಮಾಡಿ. ಇನ್ನು ಮುಂದೆ ಎಲ್ಲ ಕೆಲಸ ನಕಲಿನ ಮೇಲೆ.

ನಕಲನ್ನು ಎರಡು ಭಾಗ ಮಾಡಿ. ಮೊದಲ ಭಾಗ ತೋರಿಸಿ. ಬಿದ್ದರೆ ತಪ್ಪು ಅದರಲ್ಲಿದೆ, ಅದನ್ನೇ ಮತ್ತೆ ಎರಡು ಮಾಡಿ. ಬೀಳದಿದ್ದರೆ ಇನ್ನೊಂದು ಭಾಗ. ಒಂದು ಫೈಲ್ ಉಳಿಯುವವರೆಗೂ ಹೀಗೇ. ಪ್ರತಿ ಸಲವೂ ಸ್ಕ್ಯಾನ್ ಮುಗಿಯುವವರೆಗೆ ಕಾಯಿರಿ. ಅರ್ಧ ನಿಮಿಷ ನೋಡಿ ಸರಿ ಇದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಗಮನಿಸಬೇಕಾದ ಕೆಲವು ಸಂಗತಿಗಳು. ಎರಡು ಭಾಗಗಳಲ್ಲೂ ಬಿದ್ದರೆ ಗಾಬರಿಯಾಗಬೇಡಿ, ಕೆಟ್ಟ ಫೈಲ್ ಒಂದಕ್ಕಿಂತ ಜಾಸ್ತಿ ಇವೆ ಅಂತ ಅರ್ಥ. ಒಂದು ಭಾಗವನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಪೂರ್ತಿ ಮುಗಿಸಿ, ಆಮೇಲೆ ಅದಕ್ಕೆ ಬನ್ನಿ. ಒಂದು ಸಿಕ್ಕಿದ ಕೂಡಲೇ ನಿಲ್ಲಿಸಬೇಡಿ; ಅದನ್ನು ತೆಗೆದು ಇಡೀ ಫೋಲ್ಡರನ್ನು ಇನ್ನೊಮ್ಮೆ ಓಡಿಸಿ.

ಫೋಟೊ ಸರಿಸುವಾಗ ಅದರ ಜೊತೆಗಾರ ಫೈಲನ್ನೂ ಸರಿಸಿ. ಇದಕ್ಕೆ ಸೈಡ್‌ಕಾರ್ ಅನ್ನುತ್ತಾರೆ. ಫೋಟೊ ಹೆಸರೇ ಇದ್ದು ಕೊನೆಯಲ್ಲಿ ಎಕ್ಸ್‌ಎಂಪಿ ಇರುವ ಪುಟ್ಟ ಫೈಲ್ ಅದು. ತಪ್ಪು ಫೋಟೊದಲ್ಲಿ ಇರದೆ ಅದರಲ್ಲೇ ಇರುವ ಸಾಧ್ಯತೆಯೂ ಇದೆ. ಹಾಗೆಯೇ ವಿಡಿಯೊಗಳನ್ನು ಮರೆಯಬೇಡಿ. ಫೋಟೊ ಫೋಲ್ಡರ್‌ನಲ್ಲಿ ಸೇರಿಕೊಂಡ ಒಂದು ಅರೆಬರೆ ವಿಡಿಯೊ ಕೂಡ ಹೀಗೆಯೇ ಬೀಳಿಸುತ್ತದೆ. ಎಲ್ಲ ಫೋಟೊ ತಡಕಿದರೂ ಏನೂ ಸಿಗದಿದ್ದರೆ ನಾನು ಮೊದಲು ನೋಡುವುದು ವಿಡಿಯೊಗಳನ್ನೇ.

ಸಾಫ್ಟ್‌ವೇರ್‌ನ ಲಾಗ್‌ನಲ್ಲಿ ಕೊನೆಗೆ ಕಂಡ ಫೈಲ್ ಹೆಸರೇ ಅಪರಾಧಿ ಅಂತ ತೀರ್ಮಾನಿಸಬೇಡಿ. ಈಗಿನ ಸಾಫ್ಟ್‌ವೇರ್‌ಗಳು ಒಟ್ಟಿಗೆ ನಾಲ್ಕಾರು ಫೈಲ್ ಓದುತ್ತವೆ. ಕೊನೆಗೆ ಬರೆದ ಹೆಸರು ಒಂದು, ಬೀಳಿಸಿದ್ದು ಅದರ ಪಕ್ಕದ್ದು, ಹೀಗಾಗುತ್ತದೆ. ಆ ಹೆಸರಿನಿಂದ ಹುಡುಕಲು ಶುರು ಮಾಡಿ, ಅಷ್ಟೇ.

ಹಂತ 5: ಆ ಫೈಲ್‌ಗೆ ಏನಾಗಿದೆ ಅಂತ ಕೇಳಿ

ವಿಂಡೋಸ್‌ನಲ್ಲಿ ಎಕ್ಸಿಫ್‌ಟೂಲ್ ಇಳಿಸಿಕೊಂಡರೆ ಹೆಸರಿನ ಕೊನೆಯಲ್ಲಿ ಕಂಸದೊಳಗೆ ಹೈಫನ್ ಮತ್ತು ಕೆ ಅಕ್ಷರ ಇರುತ್ತದೆ. ಕಂಸ ಸಮೇತ ಅದನ್ನು ತೆಗೆದು ಹೆಸರು ಬದಲಿಸಿ. ಇಲ್ಲದಿದ್ದರೆ ಆದೇಶ ಸಿಗುವುದಿಲ್ಲ. ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ವಿಂಡೋಸ್‌ನ ಆದೇಶ ಕಿಟಕಿಯಲ್ಲಿ ಫೈಲ್ ಸಿಗಲಿಲ್ಲ ಅನ್ನಬಹುದು. ಅದನ್ನು ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಕಲನ್ನು ಇಂಗ್ಲಿಷ್ ಹೆಸರಿನ ಚಿಕ್ಕ ಫೋಲ್ಡರ್‌ಗೆ ಹಾಕಿ ಮುಂದುವರಿಯಿರಿ.

ಆದೇಶ ಹೀಗಿದೆ:

ಎಕ್ಸಿಫ್‌ಟೂಲ್ -ವ್ಯಾಲಿಡೇಟ್ -ವಾರ್ನಿಂಗ್ -ಎರರ್ -ಎ ಫೈಲ್‌ಹೆಸರು

ವ್ಯಾಲಿಡೇಟ್ ಅಂದರೆ ನಿಯಮದ ಪ್ರಕಾರ ಇದೆಯೇ ನೋಡು ಅಂತ. ಎ ಎಂಬ ಒಂದಕ್ಷರ ಎಲ್ಲ ಎಚ್ಚರಿಕೆಗಳನ್ನೂ ತೋರಿಸಲು. ಫೈಲ್ ಬದಲು ಇಡೀ ಫೋಲ್ಡರ್ ಕೊಡುವುದಾದರೆ -ಆರ್ ಸೇರಿಸಿ, ಒಳಫೋಲ್ಡರ್‌ಗಳನ್ನೂ ನೋಡುತ್ತದೆ. ಈ ಆದೇಶ ಓದುತ್ತದೆ ಮಾತ್ರ, ಏನನ್ನೂ ಬದಲಿಸುವುದಿಲ್ಲ.

ಇಡೀ ಫೋಲ್ಡರ್ ಓಡಿಸಿದವರು ಉದ್ದದ ಎಚ್ಚರಿಕೆ ಪಟ್ಟಿ ನೋಡಿ ಕಂಗಾಲಾಗುತ್ತಾರೆ. ನಿಯಮ ಅಕ್ಷರಶಃ ಪಾಲಿಸದ ಕ್ಯಾಮೆರಾ, ಫೋನ್‌ಗಳು ಬೇಕಾದಷ್ಟಿವೆ. ಮೈನರ್ ಎಂದು ಗುರುತಿಸಿದ ಎಚ್ಚರಿಕೆಗಳನ್ನು ಸುಮ್ನೆ ಬಿಟ್ಟುಬಿಡಿ. ಕಣ್ಣಿಡಬೇಕಾದದ್ದು ಎರರ್ ಎಂಬ ಸಾಲುಗಳ ಮೇಲೆ, ಮತ್ತೆ ಬ್ಯಾಡ್ ಎಂದು ಶುರುವಾಗಿ ಐಎಫ್‌ಡಿ ಅಥವಾ ಮೇಕರ್‌ನೋಟ್ಸ್ ಹೆಸರು ಬರುವ ಎಚ್ಚರಿಕೆಗಳ ಮೇಲೆ. ಐಎಫ್‌ಡಿ ಅಂದರೆ ನಾನು ಆಗ ಹೇಳಿದ ಪರಿವಿಡಿ. ಮೇಕರ್‌ನೋಟ್ ಅಂದರೆ ಕ್ಯಾಮೆರಾ ಕಂಪನಿ ತನ್ನದೇ ರೀತಿಯಲ್ಲಿ ಬರೆದಿಡುವ ಗುಟ್ಟಿನ ಭಾಗ. ಅದರ ಜೋಡಣೆ ಹೀಗೆ ಅಂತ ಕಂಪನಿಗಳು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ಬೇರೆ ಸಾಫ್ಟ್‌ವೇರ್ ಫೋಟೊಗೆ ಒಂದು ಟ್ಯಾಗ್ ಸೇರಿಸಿ ಉಳಿಸಿದಾಗ ಈ ಭಾಗ ತನ್ನ ಜಾಗದಿಂದ ಸರಿಯುತ್ತದೆ, ಒಳಗಿನ ವಿಳಾಸಗಳು ಮಾತ್ರ ಹಳೆಯವೇ ಉಳಿಯುತ್ತವೆ. ಮೆಟಾಡೇಟಾ ಕೆಡುವುದಕ್ಕೆ ಇದು ತುಂಬ ಸಾಮಾನ್ಯವಾದ ಕಾರಣ.

ಇನ್ನೊಂದು ನೋಟ: ಫೋಟೊವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಚಿತ್ರ ಪೂರ್ತಿ ಬಂದರೆ ಕೆಟ್ಟಿರುವುದು ಮಾಹಿತಿ ಮಾತ್ರ. ಮೇಲಿನ ಭಾಗ ಬಂದು ಕೆಳಗೆ ಬೂದು ಬಣ್ಣ ಕಂಡರೆ ಫೈಲೇ ಅರ್ಧಕ್ಕೆ ನಿಂತಿದೆ.

ಹಂತ 6: ರಿಪೇರಿ

ಕಾಯಿಲೆ ನೋಡಿ ಮದ್ದು. ಎಲ್ಲಕ್ಕೂ ಒಂದೇ ಆದೇಶ ಹೊಡೆಯಬೇಡಿ.

ಫೈಲ್ ಗಾತ್ರ 0 ಬೈಟ್ ಇದ್ದರೆ, ಅಥವಾ ಅರ್ಧಕ್ಕೆ ನಿಂತಿದ್ದರೆ, ರಿಪೇರಿ ಮಾಡಲು ಏನೂ ಇಲ್ಲ. ನಕಲು ಮುಗಿಯುವ ಮೊದಲೇ ಕಾರ್ಡ್ ಎಳೆದಾಗ ಹೀಗಾಗುತ್ತದೆ. ಕಾರ್ಡ್, ಫೋನ್, ಹಳೆಯ ಬ್ಯಾಕಪ್ ಎಲ್ಲಾದರೂ ಮೂಲ ಇದೆಯೇ ನೋಡಿ ಮತ್ತೆ ನಕಲು ಮಾಡಿಕೊಳ್ಳಿ.

ಹೆಸರು ಜೆಪೆಗ್, ಒಳಗಿರುವುದು ಬೇರೆ ಬಗೆಯ ಫೈಲ್ ಆಗಿದ್ದರೆ ಹೆಸರು ತಿದ್ದಿದರೆ ಮುಗಿಯಿತು. ಎಕ್ಸಿಫ್‌ಟೂಲ್ -ಫೈಲ್‌ಟೈಪ್ ಎಂದು ಕೇಳಿದರೆ ಒಳಗೇನಿದೆ ಅಂತ ಹೇಳುತ್ತದೆ. ಐಫೋನ್‌ಗಳು 2017ರಿಂದ ಎಚ್‌ಇಐಸಿ ಬಗೆಯಲ್ಲಿ ಫೋಟೊ ಉಳಿಸುತ್ತಿವೆ. ಅದನ್ನು ಪರಿವರ್ತಿಸದೆ ಸುಮ್ನೆ ಹೆಸರಿನ ಕೊನೆ ಮಾತ್ರ ಬದಲಿಸಿದವರಿಗೆ ಈ ತೊಂದರೆ ಬರುತ್ತದೆ.

ಸೈಡ್‌ಕಾರ್ ಮೇಲೆ ಅನುಮಾನವಿದ್ದರೆ ಅದರ ಹೆಸರು ಬದಲಿಸಿ, ಫೋಟೊ ಮಾತ್ರ ಓದಿಸಿ. ಈಗ ಬೀಳದಿದ್ದರೆ ತಪ್ಪು ಅದರದ್ದು. ಸೈಡ್‌ಕಾರ್ ಬರೀ ಪಠ್ಯ, ಯಾವ ಪಠ್ಯ ಸಂಪಾದಕದಲ್ಲೂ ತೆರೆಯುತ್ತದೆ. ಕೊನೆಯ ಸಾಲು ಅರ್ಧಕ್ಕೆ ತುಂಡಾಗಿದ್ದರೆ ಒಳಗಿನ ಟ್ಯಾಗ್‌ಗಳನ್ನಾದರೂ ಕಣ್ಣಿನಿಂದ ಓದಿ ಬರೆದಿಟ್ಟುಕೊಳ್ಳಬಹುದು. ಆದರೆ ಡಾರ್ಕ್‌ಟೇಬಲ್‌ನಂಥವು ನೀವು ಮಾಡಿದ ತಿದ್ದುಪಡಿಗಳನ್ನೆಲ್ಲ ಇದರಲ್ಲೇ ಇಡುತ್ತವೆ. ಅಳಿಸಬೇಡಿ.

ಪರಿವಿಡಿ ಕೆಟ್ಟ ಜೆಪೆಗ್ ಆದರೆ ಮೆಟಾಡೇಟಾವನ್ನು ಕಿತ್ತು ಹೊಸದಾಗಿ ಕಟ್ಟಬೇಕು. ಎಕ್ಸಿಫ್‌ಟೂಲ್ ಇದನ್ನು ಒಂದೇ ಏಟಿಗೆ ಮಾಡುತ್ತದೆ:

ಎಕ್ಸಿಫ್‌ಟೂಲ್ -ಆಲ್= -ಟ್ಯಾಗ್ಸ್‌ಫ್ರಮ್‌ಫೈಲ್ @ -ಆಲ್:ಆಲ್ -ಅನ್‌ಸೇಫ್ -ಐಸಿಸಿ_ಪ್ರೊಫೈಲ್ ಫೈಲ್‌ಹೆಸರು

ಮೊದಲ ತುಂಡು ಇರುವುದೆಲ್ಲ ತೆಗೆ ಅನ್ನುತ್ತದೆ. ಎರಡನೆಯದು, ಅದೇ ಫೈಲ್‌ನಿಂದ ಓದಲು ಬಂದದ್ದನ್ನೆಲ್ಲ ಸರಿಯಾದ ಜೋಡಣೆಯಲ್ಲಿ ವಾಪಸ್ ಬರೆ ಅನ್ನುತ್ತದೆ. ಕೊನೆಯ ತುಂಡು ಬಣ್ಣದ ಪ್ರೊಫೈಲ್‌ಗೆ. ಅದನ್ನು ಬಿಟ್ಟರೆ ಬಣ್ಣ ಬೇರೆಯಾಗಿ ಕಾಣಬಹುದು. ಜೆಪೆಗ್‌ನಲ್ಲಿ ಚಿತ್ರದ ಡೇಟಾವನ್ನು ಇದು ಮುಟ್ಟುವುದಿಲ್ಲ, ಗುಣಮಟ್ಟ ಇಳಿಯುವುದಿಲ್ಲ. ಹಳೆಯ ಫೈಲ್ ಒರಿಜಿನಲ್ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ. ಫೈಲ್‌ನ ತಾರೀಕು ಬದಲಾಗಬಾರದು ಅಂದರೆ ದೊಡ್ಡಕ್ಷರದ -ಪಿ ಸೇರಿಸಿ. ಮೇಕರ್‌ನೋಟ್ ವಿಳಾಸ ತಪ್ಪಿದೆ ಅಂತ ಎಚ್ಚರಿಕೆ ಬಂದಿದ್ದರೆ ದೊಡ್ಡಕ್ಷರದ -ಎಫ್ ಸೇರಿಸಿ, ವಿಳಾಸಗಳನ್ನು ಲೆಕ್ಕ ಹಾಕಿ ತಿದ್ದಲು ನೋಡುತ್ತದೆ.

ಇಷ್ಟಾದರೂ ಬೀಳುತ್ತಿದ್ದರೆ ಎಕ್ಸಿಫ್‌ಟೂಲ್ -ಮೇಕರ್‌ನೋಟ್ಸ್:ಆಲ್= ಫೈಲ್‌ಹೆಸರು ಎಂದು ಆ ಭಾಗವನ್ನೇ ತೆಗೆಯಿರಿ. ಲೆನ್ಸ್, ಫೋಕಸ್ ಬಗ್ಗೆ ಕಂಪನಿ ಬರೆದ ಕೆಲವು ವಿವರ ಹೋಗುತ್ತವೆ. ತೆಗೆದ ದಿನ, ಶಟರ್, ಜಾಗ ಉಳಿಯುತ್ತವೆ. ಒಳಗಿನ ಪುಟ್ಟ ಚಿತ್ರ, ಅಂದರೆ ಥಂಬ್‌ನೇಲ್ ಕೆಟ್ಟಿದ್ದರೆ -ಐಎಫ್‌ಡಿ1:ಆಲ್= ಸಾಕು.

ಇದನ್ನು ದಪ್ಪ ಅಕ್ಷರದಲ್ಲೇ ಹೇಳುತ್ತೇನೆ: ಎಲ್ಲ ತೆಗೆಯುವ ಆದೇಶವನ್ನು ರಾ ಫೈಲ್‌ಗಳ ಮೇಲೆ ಬಳಸಬೇಡಿ. ಜೆಪೆಗ್‌ನಲ್ಲಿ ಮಾಹಿತಿ ಬೇರೆ, ಚಿತ್ರ ಬೇರೆ. ರಾ ಫೈಲ್‌ನಲ್ಲಿ ಚಿತ್ರವನ್ನು ತೆರೆಯಲು ಬೇಕಾದ ವಿವರಗಳೇ ಮೆಟಾಡೇಟಾದ ಜೊತೆ ಬೆರೆತಿರುತ್ತವೆ. ಅದು ಹೋದರೆ ಫೋಟೊ ತೆರೆಯುವುದೇ ಕಷ್ಟ. ರಾ ಫೈಲ್ ಕೆಟ್ಟಿದ್ದರೆ ಅದನ್ನು ಸಂಗ್ರಹದಿಂದ ಹೊರಗಿಡಿ, ಕ್ಯಾಮೆರಾ ಕಂಪನಿಯ ಸ್ವಂತ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ.

ಇನ್ನು ಗಾತ್ರದ ವಿಷಯ. ಜೆಪೆಗ್‌ನಲ್ಲಿ ಮಾಹಿತಿಯ ಒಂದು ತುಂಡು 65,535 ಬೈಟ್ ದಾಟುವಂತಿಲ್ಲ. ಎಕ್ಸ್‌ಎಂಪಿ ಅದಕ್ಕಿಂತ ದೊಡ್ಡದಾದರೆ ತುಂಡು ತುಂಡಾಗಿ ಬರೆಯುತ್ತಾರೆ. ಫೋಟೊಶಾಪ್‌ನಲ್ಲಿ ಹಲವು ಸಲ ಒಂದರಿಂದ ಇನ್ನೊಂದಕ್ಕೆ ಅಂಟಿಸಿ ಮಾಡಿದ ಫೈಲ್‌ಗಳಲ್ಲಿ ಡಾಕ್ಯುಮೆಂಟ್ ಆನ್ಸೆಸ್ಟರ್ಸ್ ಎಂಬ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಚಿತ್ರ ಚಿಕ್ಕದಿದ್ದರೂ ಮೆಟಾಡೇಟಾ ಹಲವು ಎಂಬಿ ಆಗಿಬಿಡುತ್ತದೆ. ಚಿಕ್ಕ ಚಿತ್ರ, ದೊಡ್ಡ ಫೈಲ್, ತೆರೆಯಲು ವಿಪರೀತ ನಿಧಾನ, ಈ ಮೂರೂ ಕಂಡರೆ ಅದನ್ನು ಅನುಮಾನಿಸಿ. -ಎಕ್ಸ್‌ಎಂಪಿ-ಫೋಟೊಶಾಪ್:ಡಾಕ್ಯುಮೆಂಟ್‌ಆನ್ಸೆಸ್ಟರ್ಸ್= ಎಂದು ಕೊಟ್ಟರೆ ಆ ಪಟ್ಟಿ ಹೋಗುತ್ತದೆ. ಚಿತ್ರಕ್ಕೆ ಏನೂ ಆಗುವುದಿಲ್ಲ.

ಹಂತ 7: ವಾಪಸ್ ಸೇರಿಸುವುದು

ರಿಪೇರಿಯಾದ ನಕಲನ್ನು ಪರೀಕ್ಷೆಯ ಸಂಗ್ರಹದಲ್ಲಿ ಓದಿಸಿ. ಚಿತ್ರ ನೆಟ್ಟಗೆ ಕಾಣುತ್ತದೆಯೇ, ತಾರೀಕು ಸರಿಯಿದೆಯೇ, ಬಣ್ಣ ಬದಲಾಗಿಲ್ಲವೇ ನೋಡಿ. ಆಮೇಲೆ ಮೂಲ ಫೋಲ್ಡರ್‌ನಲ್ಲಿ ಅದೇ ಹೆಸರಿನಲ್ಲಿ ಇಡಿ. ಹೆಸರು ಬದಲಾದರೆ ಡೇಟಾಬೇಸ್ ಅದನ್ನು ಹೊಸ ಫೋಟೊ ಅಂದುಕೊಳ್ಳಬಹುದು. ಒರಿಜಿನಲ್ ಬಾಲದ ಫೈಲನ್ನು ಸಂಗ್ರಹದ ಹೊರಗೆ ಇಡಿ.

ಈಗ ಹಳೆಯ ಡೇಟಾಬೇಸ್‌ಗೆ ಮರಳಿ. ಇನ್ನೂ ಥಂಬ್‌ನೇಲ್ ತೋರಿಸುವಾಗ ಬೀಳುತ್ತಿದ್ದರೆ ಥಂಬ್‌ನೇಲ್‌ಗಳ ಸಂಗ್ರಹ ಕೆಟ್ಟಿರಬಹುದು. ಡಿಜಿಕ್ಯಾಮ್‌ನಲ್ಲಿ ಅದಕ್ಕೆ ಬೇರೆಯೇ ಫೈಲ್ ಇದೆ, ಹೆಸರು ಥಂಬ್‌ನೇಲ್ಸ್ ಎಂದು ಶುರುವಾಗುತ್ತದೆ. ಅದರ ಹೆಸರು ಬದಲಿಸಿದರೆ ಸಾಫ್ಟ್‌ವೇರ್ ಹೊಸದು ಮಾಡಿಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಮುಖ್ಯ ಡೇಟಾಬೇಸ್‌ಗೆ ಕೈ ಹಾಕಬೇಡಿ. ಎರಡರ ಹೆಸರೂ ಒಂದೇ ತರಹ ಇರುತ್ತವೆ, ಎರಡು ಸಲ ಓದಿ ನೋಡಿ.

ಮತ್ತೆ ಹೀಗಾಗದಿರಲು ನಾನು ಕೊಡುವ ಸಲಹೆ ಒಂದೇ: ಮೆಟಾಡೇಟಾವನ್ನು ಫೋಟೊ ಒಳಗೆ ಬರೆಯುವ ಬದಲು ಸೈಡ್‌ಕಾರ್‌ಗೆ ಬರೆಯುವಂತೆ ಸೆಟ್ಟಿಂಗ್ ಬದಲಿಸಿ, ಮುಖ್ಯವಾಗಿ ರಾ ಫೈಲ್‌ಗಳಿಗೆ. ಬರೆಯುವಾಗ ಕರೆಂಟ್ ಹೋದರೂ ಕೆಡುವುದು ಪುಟ್ಟ ಫೈಲ್, ನಿಮ್ಮ ಫೋಟೊ ಅಲ್ಲ.

ಹಂತ 8: ಸಾಫ್ಟ್‌ವೇರ್ ಬರೆದವರಿಗೆ ತಿಳಿಸಿ

ಫೈಲ್ ಎಷ್ಟೇ ಕೆಟ್ಟಿರಲಿ, ಅದನ್ನು ಓದಿ ಸಾಫ್ಟ್‌ವೇರ್ ಬೀಳಬಾರದು. ಬಿದ್ದರೆ ಅದು ದೋಷವೇ. ಎಷ್ಟೋ ಸಲ ಅದು ಸುರಕ್ಷತೆಯ ದೋಷವೂ ಹೌದು. ಮೊದಲು ಹೊಸ ಆವೃತ್ತಿ ಹಾಕಿ, ಕೆಟ್ಟ ಮೂಲ ಫೈಲನ್ನು ಅದರಲ್ಲೊಮ್ಮೆ ಓದಿಸಿ. ಆಗಲೂ ಬಿದ್ದರೆ ವರದಿ ಬರೆಯಿರಿ. ಸಾಫ್ಟ್‌ವೇರ್ ಆವೃತ್ತಿ, ಎಕ್ಸಿವ್2 ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಎರಡನೇ ಹಂತದಲ್ಲಿ ಸಿಕ್ಕ ಕ್ರ್ಯಾಶ್ ವರದಿ ಇವಿಷ್ಟು ಬೇಕು. ಡಿಜಿಕ್ಯಾಮ್‌ನಲ್ಲಿ ಹೆಲ್ಪ್ ಮೆನುವಿನ ಕಾಂಪೊನೆಂಟ್ಸ್ ಇನ್ಫರ್ಮೇಶನ್ ಒತ್ತಿದರೆ ಲೈಬ್ರರಿಗಳ ಆವೃತ್ತಿ ಸಿಗುತ್ತದೆ.

ಅವರಿಗೆ ಎಲ್ಲಕ್ಕಿಂತ ಉಪಯೋಗವಾಗುವುದು ಆ ಕೆಟ್ಟ ಫೈಲೇ. ರಿಪೇರಿ ಮಾಡಿದ್ದಲ್ಲ, ಮೊದಲಿನದು. ಫೋಟೊ ಸಂಪಾದಕದಲ್ಲಿ ತೆರೆದು ಉಳಿಸಿದ್ದೂ ಬೇಡ, ಅದರಲ್ಲಿ ತಪ್ಪು ಅಳಿಸಿಹೋಗಿರುತ್ತದೆ. ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೂ ಹಾಗೆಯೇ; ಫೈಲನ್ನು ಜಿಪ್ ಮಾಡಿ ಕಳಿಸಿ. ಆದರೆ ಆ ಫೈಲ್‌ನಲ್ಲಿ ನಿಮ್ಮ ಮನೆಯ ಜಾಗ, ಕ್ಯಾಮೆರಾದ ಸೀರಿಯಲ್ ನಂಬರ್, ಮನೆಯವರ ಮುಖ ಇರಬಹುದು. ಎಲ್ಲರಿಗೂ ಕಾಣುವ ಕಡೆ ಹಾಕುವ ಮೊದಲು, ಖಾಸಗಿಯಾಗಿ ಕಳಿಸಬಹುದೇ ಅಂತ ವರದಿಯಲ್ಲೇ ಕೇಳಿ. ಫೋಟೊ ಅಪರಿಚಿತರಿಂದ ಬಂದದ್ದಾಗಿದ್ದರೆ ಅದನ್ನು ಮತ್ತೆ ತೆರೆಯಬೇಡಿ. ವರದಿಗೆ ಬೇಕಾದ ಒಂದು ಪ್ರತಿ ಜಿಪ್‌ನಲ್ಲಿರಲಿ, ಉಳಿದವನ್ನು ಅಳಿಸಿ.